ಬೇವಿನ ಗಿಡದಿಂದ ಪಡುವಣಕ್ಕೆ

ಆ ದಿನ ನಾನು ಬಾವಿಗೆ ಇಳಿದಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಇಳಿದ ನೆನಪಿದೆ. ಆದರೆ ನೆನಪನ್ನು ಸಾಕ್ಷಿ ಎಂದು ಸುಮ್ಮನೆ ಒಪ್ಪಿಕೊಳ್ಳಬಾರದು ಎಂದು ವರ್ಷಗಟ್ಟಲೆ ಹುಡುಗರಿಗೆ ಪಾಠ ಹೇಳಿದವನು ನಾನು. ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ನನ್ನ ತಲೆಯ ವಿಷಯಕ್ಕೆ ಬಂದಾಗ ಮಾತ್ರ ಆ ಪಾಠಕ್ಕೆ ರಿಯಾಯಿತಿ ಕೊಡುವುದು ಸರಿಯಲ್ಲ.

ಜೋಳದ ಗರಿ ಕೆನ್ನೆಗೆ ಕೊಯ್ದದ್ದು, ಕಲ್ಲಿನ ತಂಪು, ಬೆನ್ನ ಹಿಂದಿನ ಹೆಜ್ಜೆ, ಯಾರೋ ಅಂಗಿ ಹಿಡಿದು ಎಳೆದದ್ದು. ಇವುಗಳಲ್ಲಿ ಯಾವುದು ಆ ಮಧ್ಯಾಹ್ನದ್ದು, ಯಾವುದು ಆಮೇಲೆ ಹೇಳಿ ಹೇಳಿ ಅಂಟಿಕೊಂಡದ್ದು ಎಂದು ಬಿಡಿಸಿ ನೋಡಲು ನನ್ನಿಂದ ಆಗಿಲ್ಲ. ಅವತ್ತು ನನ್ನ ಹೆಂಡತಿ ಜೊತೆಗಿದ್ದಳು. ಆ ಹೊಲಗಳಲ್ಲಿ ಆಡಿ ಬೆಳೆದವಳು ಅವಳು. ಅಲ್ಲಿ ಬಾವಿಯೇ ಇಲ್ಲ ಎಂದು ಅವಳು ವರ್ಷಗಟ್ಟಲೆ ಹೇಳುತ್ತಿದ್ದಳು.

ಇಷ್ಟು ಸಣ್ಣ ಸಂಗತಿಯನ್ನು ಯಾಕೆ ಕೆದಕುತ್ತಿದ್ದೇನೆ ಎಂದರೆ, ಅಪ್ಪನ ಕಾರಣಕ್ಕೆ. ತೊಂಬತ್ತರ ದಶಕದಲ್ಲಿ ಅವರಿಗೆ ಮರೆವಿನ ರೋಗ ಬಂತು. ಐವತ್ತು ದಾಟಿ ಹೆಚ್ಚು ಕಾಲವಾಗಿರಲಿಲ್ಲ. ಮರೆವಿನ ರೋಗ ಎನ್ನುತ್ತಾರೆ, ಆದರೆ ಅವರಲ್ಲಿ ಅದು ಮರೆಯುವುದರಿಂದ ಶುರುವಾಗಲಿಲ್ಲ. ಒಂದು ಮುಂಜಾನೆ ಚಹಾ ಕುಡಿಯುತ್ತ, ಹಳೇ ಹುಬ್ಬಳ್ಳಿಯಲ್ಲಿ ಗೆಳೆಯರ ಮಗನ ಮದುವೆಗೆ ಹೋಗಿ ಬಂದದ್ದನ್ನು ಹೇಳಿದರು. ಬುಂದಿಗೆ ಲವಂಗ ಹೆಚ್ಚಾಗಿತ್ತಂತೆ, ಮಂಟಪದ ಕಂಬವೊಂದು ವಾಲಿತ್ತಂತೆ, ಬೀಗರಲ್ಲಿ ಒಬ್ಬರು ಉಣ್ಣದೆ ಸಿಟ್ಟಾಗಿ ಎದ್ದು ಹೋದರಂತೆ. ನಾವೆಲ್ಲ ನಕ್ಕೆವು. ಆ ಗೆಳೆಯರಿಗೆ ಮಕ್ಕಳೇ ಇರಲಿಲ್ಲ ಎಂದು ಸಂಜೆ ಅವ್ವ ಅಡುಗೆಮನೆಯಲ್ಲಿ ನನಗೊಬ್ಬನಿಗೇ ಹೇಳಿದಳು. ಅಪ್ಪ ಒಂದೊಂದಾಗಿ ಕಳೆದುಕೊಂಡದ್ದು ಆಮೇಲೆ. ಮೊದಲು ಅವರು ಇಲ್ಲದ್ದನ್ನು ಸೇರಿಸಿದರು. ಸೇರಿಸಿದ್ದೆಲ್ಲ ಲವಂಗದ ವಾಸನೆಯ ಸಮೇತ ಪಕ್ಕಾ ಇರುತ್ತಿತ್ತು.

ಆದ್ದರಿಂದ ನನ್ನ ಬಾವಿ ಸುಳ್ಳಾದರೆ ಅದು ಬರೀ ಬಾವಿಯ ಮಾತಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಹಿರಿಯರೊಬ್ಬರು ನಿವೃತ್ತರಾಗುವಾಗ ತಮ್ಮ ಜಿಪಿಎಸ್ ಯಂತ್ರವನ್ನು ನನ್ನ ಕೈಗಿಟ್ಟರು. ಹಳದಿ ಬಣ್ಣದ್ದು, ಅಂಗೈ ತುಂಬುವಷ್ಟು. “ಮನ್ಯಾಗ ಇಟ್ರ ನಮ್ಮಾಕಿ ಟಿವಿ ರಿಮೋಟ್ ಅಂತ ತಿಳದು ಒತ್ತಿ ಒತ್ತಿ ಸಾಯ್ತಾಳ. ನೀವ ಒಯ್ರಿ,” ಎಂದರು. ಬಯಲಿನಲ್ಲಿ ಹಿಡಿದು ನಿಂತರೆ ಅದು ಆಕಾಶದ ಉಪಗ್ರಹಗಳನ್ನು ಹುಡುಕಿ, ನೀನು ನಿಂತ ಜಾಗ ಇದು ಎಂದು ಅಕ್ಷಾಂಶ ರೇಖಾಂಶದ ಅಂಕಿಗಳನ್ನು ತೋರಿಸುತ್ತಿತ್ತು. ಅಂಕಿ ತುಂಬಿಕೊಟ್ಟರೆ ಬಾಣದ ಗುರುತು ಹಾಕಿ ಅತ್ತ ನಡೆಸುತ್ತಿತ್ತು.

ಹೊರದೇಶಗಳಲ್ಲಿ ಜನ ಈ ಯಂತ್ರ ಹಿಡಿದು ಜಿಯೋಕ್ಯಾಶಿಂಗ್ ಎಂಬ ಆಟ ಆಡುತ್ತಾರೆಂದು ಕಾಲೇಜಿನ ಕಂಪ್ಯೂಟರಿನಲ್ಲಿ ಓದಿದೆ. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಂಕಿಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ, ಗುರುತಿಲ್ಲದ ಇನ್ನೊಬ್ಬರು ಹೋಗಿ ಹುಡುಕುತ್ತಾರೆ. ಒಳಗಿನ ಒಂದು ಸಾಮಾನು ತೆಗೆದುಕೊಂಡು ತಮ್ಮದೊಂದನ್ನು ಇಟ್ಟು ಬರುತ್ತಾರೆ. ನಕಾಶೆ ತೆರೆದು ನೋಡಿದರೆ ನಮ್ಮ ಸೀಮೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಮನೆಗೆ ಬಂದು ಹೆಂಡತಿಗೆ ಬೇಸರದಿಂದ ಹೇಳಿದೆ. ಅವಳು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು.

“ಯಾರೂ ಇಟ್ಟಿಲ್ಲಂದ್ರ ಏನಾತ್ರಿ? ನಾವ ಇಡೂಣು, ನಾವ ಹುಡುಕೂಣು,” ಅಂದಳು.

“ಇಟ್ಟಾಂವನ ಹುಡುಕಿದ್ರ ಅದರಾಗ ಏನ್ ಮಜಾ?”

“ನಾ ಇಡ್ತೇನಿ, ನೀವು ಹುಡುಕ್ರಿ. ಮುಂದಿನ ಸಲ ನೀವು ಇಡ್ರಿ. ಲೆಕ್ಕದ ಮಾಸ್ತರಿಗೆ ಇಷ್ಟೂ ಹೊಳೀಲಿಲ್ಲೇನು?”

ಹಾಗೆ ಇಬ್ಬರೇ ಆಡುವ ಆಟವಾಯಿತು. ಕುಂಕುಮದ ಡಬ್ಬಿಗಿಂತ ತುಸು ದೊಡ್ಡದಾದ ಒಂದು ಸ್ಟೀಲ್ ಡಬ್ಬಿ. ಅದರೊಳಗೆ ಗುಲಗಂಜಿ, ಮುರಿದ ಕನ್ನಡಕದ ಕಡ್ಡಿ, ಸಿನೆಮಾ ಟಿಕೀಟಿನ ತುಂಡು, ಒಮ್ಮೆ ನನ್ನದೇ ಕೋಟಿನಿಂದ ಕಿತ್ತ ಗುಂಡಿ. ವಾರದ ನಡುವೆ ಒಬ್ಬರು ಎಲ್ಲಾದರೂ ಬಚ್ಚಿಟ್ಟು, ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು, ಇನ್ನೊಬ್ಬರು ಕದ್ದು ನೋಡಬಾರದೆಂದು ಯಂತ್ರದಿಂದ ಅಳಿಸಿಬಿಡಬೇಕು. ಭಾನುವಾರ ಚೀಟಿ ಕೊಡಬೇಕು. ಹುಡುಕುವವರು ಮುಂದೆ, ಇಟ್ಟವರು ಹಿಂದೆ. ಇಟ್ಟವರು ಬಾಯಿ ಬಿಡುವ ಹಾಗಿಲ್ಲ. ಹುಡುಕುವವರು “ಸಿಕ್ತು” ಎನ್ನುವವರೆಗೆ ಒಂದು ಮಾತಿಲ್ಲ, ಸನ್ನೆಯಿಲ್ಲ, ನಗುವೂ ಇಲ್ಲ. ಈ ಕಾನೂನು ಅವಳದೇ. ತಪ್ಪಿದವರು ವಾರವಿಡೀ ಮುಂಜಾನೆಯ ಚಹಾ ಮಾಡಬೇಕು. ನಮ್ಮ ಮನೆಯಲ್ಲಿ ಚಹಾ ಮಾಡುವುದು ನನಗೆ ಬಂದದ್ದು ಹಾಗೆ.

ನೃಪತುಂಗ ಬೆಟ್ಟದ ಹಿಂಬದಿ, ಉಣಕಲ್ ಕೆರೆಯ ಏರಿ, ಧಾರವಾಡದ ಕಡೆ ಕೆಲಗೇರಿ ಕೆರೆಯ ಅಂಚು ಎಲ್ಲವನ್ನೂ ಸ್ಕೂಟರಿನ ಮೇಲೆ ತಿರುಗಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಹೋಗಿ ಗಿಡದ ನೆರಳಲ್ಲಿ ಉಂಡು ಬರುತ್ತಿದ್ದೆವು. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಹೀಗೆ ಸುಮ್ಮಸುಮ್ಮನೆ ಒಬ್ಬರ ಹಿಂದೊಬ್ಬರು ನಡೆಯುವುದು ನಮಗೇ ನಗು ತರಿಸುತ್ತಿತ್ತು. ನೋಡಿದವರಿಗೆ ಬೇರೆಯೇ ಅನುಮಾನ. ಬೆಟ್ಟದ ಹಿಂದೆ ಆಡು ಕಾಯುತ್ತಿದ್ದ ಮುದುಕನೊಬ್ಬ ನಮ್ಮನ್ನು ಎರಡು ಸಲ ನೋಡಿ ತಡೆಯಲಾರದೆ ಕೇಳಿಯೇಬಿಟ್ಟ.

“ಸಾಹೇಬ್ರ, ನಿಧಿ ಏನ್ರಿ?”

“ಇಲ್ಲ ಅಜ್ಜಾರ, ಡಬ್ಬಿ. ನಮ್ಮ ಮನ್ಯಾಕಿ ಇಟ್ಟಾಳ.”

“ಮನ್ಯಾಗ ಜಾಗಾ ಇಲ್ಲೇನ್ರಿ ಆಕಿಗೆ?” ಎಂದು, ಸ್ವಲ್ಪ ಯೋಚಿಸಿ, “ಇರಲಿ ಬಿಡ್ರಿ. ನಿಧಿ ಸಿಕ್ರ ನಂಗೊಂದು ಕಂಬಳಿ ಕೊಡಸ್ರಿ,” ಅಂದ. ನನ್ನ ಹಿಂದೆ ನಿಂತವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳು ನಕ್ಕಳೋ ಇಲ್ಲವೋ ಎಂಬ ಜಗಳ ದಾರಿಯುದ್ದಕ್ಕೂ ನಡೆಯಿತು.

ಒಂದು ಗುಟ್ಟು ಮಾತ್ರ ಅವಳಿಗೆ ಹೇಳಿರಲಿಲ್ಲ. ಯಂತ್ರದ ಬಾಣ ನಾಲ್ಕೈದು ಮೀಟರು ಆಚೀಚೆ ಒಲೆದಾಡುತ್ತದೆ. ಅದನ್ನು ಪೂರ್ತಿ ನಂಬಲಾಗದು. ನಾನು ನಂಬುತ್ತಿದ್ದದ್ದು ಬೆನ್ನ ಹಿಂದಿನ ಹೆಜ್ಜೆಗಳನ್ನು. ಡಬ್ಬಿ ದೂರವಿದ್ದರೆ ಅವಳ ನಡಿಗೆ ಸರಾಗ. ಹತ್ತಿರ ಬಂದಂತೆ ನಿಧಾನವಾಗುತ್ತಿತ್ತು. ಅದರ ಮೇಲೆಯೇ ಬಂದುಬಿಟ್ಟರೆ ಒಂದು ಕ್ಷಣ ನಿಂತೇ ಹೋಗುತ್ತಿತ್ತು. ಹೀಗೆ ನೋಡದೆಯೇ ಅವಳು ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ತಿಳಿಯುವುದು ನನಗೆ ರೂಢಿಯಾಗಿತ್ತು. ಅವಳ ಹೆಜ್ಜೆಯನ್ನು ಇನ್ನೊಬ್ಬರ ಹೆಜ್ಜೆಯೆಂದು ನಾನು ತಪ್ಪು ತಿಳಿಯುವುದು ಸಾಧ್ಯವಿಲ್ಲ ಎಂದುಕೊಂಡಿದ್ದೆ.

ಅವಳ ತವರು ಅಮ್ಮಿನಬಾವಿ ದಾಟಿ ಸ್ವಲ್ಪ ದೂರದ ಒಂದು ಸಣ್ಣ ಹಳ್ಳಿ. ಅಲ್ಲಿ ಆಗ ಅವಳ ಚಿಕ್ಕಮ್ಮ ಇದ್ದಳು, ಅವಳು ಕರೆಯುವಂತೆ ಚಿಗವ್ವ. ಹಿಂಗಾರಿ ಜೋಳ ಆಳೆತ್ತರ ನಿಂತಿದ್ದ ದಿನಗಳು. ವಾರದ ನಡುವೆ ಚಿಗವ್ವನನ್ನು ನೋಡಲು ಹೋದವಳು ಅಲ್ಲಿಯೇ ಡಬ್ಬಿ ಇಟ್ಟು ಬಂದಿದ್ದಳು. ಭಾನುವಾರ ಇಬ್ಬರೂ ಹೋದೆವು. ಚಿಗವ್ವನ ಮನೆಯಲ್ಲಿ ಉಂಡು, ಸ್ಕೂಟರು ಅಲ್ಲಿಯೇ ಬಿಟ್ಟು, ಹೊಲದ ಹಾದಿ ಹಿಡಿದಾಗ ಸೂರ್ಯ ನಡುನೆತ್ತಿಯ ಮೇಲಿದ್ದ.

ಮೋಡವಿಲ್ಲದ ಚಳಿಗಾಲದ ಮಧ್ಯಾಹ್ನ ಈ ಕಪ್ಪು ಮಣ್ಣಿನ ಎರೆ ಸೀಮೆಯಲ್ಲಿ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಗೊತ್ತು. ನೆರಳು ಕಾಲಡಿಗೆ ಬಂದು ಮುದುಡಿರುತ್ತದೆ. ಹಕ್ಕಿ ಓಡಿಸುವವರೂ ಉಣ್ಣಲು ಹೋಗಿರುತ್ತಾರೆ. ದೂರದ ಹಾದಿಯ ಚಕ್ಕಡಿ ಕಾಣುತ್ತದೆ, ಸಪ್ಪಳ ಕೇಳುವುದಿಲ್ಲ. ಹತ್ತಿರದ ಜೋಳದಲ್ಲಿ ಒಣಗಿದ ಗರಿಗಳು ಒಂದಕ್ಕೊಂದು ತಾಗಿ ಸರಸರ ಎನ್ನುತ್ತವೆ, ಕಾಣುವುದಿಲ್ಲ.

ಇಲ್ಲಿಯವರೆಗೆ ನಮ್ಮಿಬ್ಬರ ನೆನಪೂ ಒಂದೇ. ಬದುವಿನ ಮೇಲೆ ಒಂದು ಬೇವಿನ ಗಿಡವಿತ್ತು ಎಂಬುದರಲ್ಲೂ ತಕರಾರಿಲ್ಲ. ಮುಂದಿನದು ನನ್ನ ಕಥೆ.

ಬಾಣ ಬೇವಿನ ಗಿಡ ದಾಟಿ ನೇರ ಪಡುವಣಕ್ಕೆ ತೋರಿಸುತ್ತಿತ್ತು. ಬದು ಇಳಿದು ಆಚೆಗಿನ ಜೋಳದೊಳಗೆ ಹೊಕ್ಕೆ. ಹಿಂದೆ ಗರಿಗಳು ಸರಿದ ಸಪ್ಪಳ ಬಂತು. ಹೆಜ್ಜೆ ಸರಾಗವಾಗಿತ್ತು. ಇನ್ನೂ ದೂರವಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಜೋಳ ತೆಳುವಾಗಿ ಜಾಲಿಕಂಟಿ ಬಂತು, ಕಂಟಿಯ ನಡುವೆ ಒಂದು ಕಲ್ಲಿನ ಬಾಯಿ. ಬಗ್ಗಿ ನೋಡಿದರೆ ಸಣ್ಣ ಮೆಟ್ಟಿಲ ಬಾವಿ, ಕೆಳಗೆ ಹಸಿರುಗಟ್ಟಿದ ನೀರು. ಯಂತ್ರ ಒಳಗೇ ಇದೆ ಎನ್ನುತ್ತಿತ್ತು. ಇಂಥಾ ಜಾಗದಲ್ಲಿ ಇಟ್ಟಿದ್ದಾಳಲ್ಲ ಎಂದು ಮೆಚ್ಚುಗೆಯೂ ಆಯಿತು, ಸಿಟ್ಟೂ ಬಂತು.

“ಕಾಲ ಮುರಿಸಬೇಕಂತ ಮಾಡಿಯೇನ?” ಅಂದೆ, ತಿರುಗದೆ. ಉತ್ತರವಿಲ್ಲ. ಕಾನೂನು.

ಇಳಿದೆ. ನಾಲ್ಕೈದು ಮೆಟ್ಟಿಲು ಇಳಿಯುವುದರೊಳಗೆ ಬಿಸಿಲು ಮೇಲೆಯೇ ಉಳಿಯಿತು. ಯಂತ್ರದಲ್ಲಿ ಉಪಗ್ರಹಗಳ ಗುರುತು ಒಂದೊಂದಾಗಿ ಆರಿಹೋದವು. ಇನ್ನು ನನಗೆ ಉಳಿದದ್ದು ಹಿಂದಿನ ಹೆಜ್ಜೆ. ಅದು ನನ್ನ ಹಿಂದೆ ಇಳಿಯುತ್ತಿತ್ತು. ಚಪ್ಪಲಿಯ ಸಪ್ಪಳವಲ್ಲ, ಬರಿಗಾಲಿನದು. ಕಲ್ಲು ಜಾರುತ್ತದೆಂದು ಚಪ್ಪಲಿ ಮೇಲೆ ಬಿಟ್ಟಿರಬೇಕು ಎಂದುಕೊಂಡೆ. ನಾನು ನಿಂತರೆ ಅದು ಒಂದು ಹೆಜ್ಜೆ ತಡವಾಗಿ ನಿಲ್ಲುತ್ತಿತ್ತು. ನೀರು ಹತ್ತಿರವಾದಂತೆ ನಿಧಾನವಾಯಿತು. ಪಕ್ಕದ ಗೋಡೆಯಲ್ಲಿ ದೀಪ ಇಡುವ ಒಂದು ಮಾಡ ಕಂಡದ್ದೇ, ಪೂರ್ತಿ ನಿಂತುಹೋಯಿತು.

ಸಿಕ್ಕಿತು ಎಂದೇ ತಿಳಿದೆ. ಕೈ ಹಾಕಿದೆ. ಏನೂ ಇರಲಿಲ್ಲ. ಇನ್ನೂ ಒಳಗಿರಬಹುದೆಂದು ಭುಜದವರೆಗೆ ಕೈ ತೂರಿಸಿ ಮುಂದಕ್ಕೆ ವಾಲಿದಾಗ ಕಾಲಡಿಯ ಕಲ್ಲು ಅಲುಗಿತು. ಅದೇ ಕ್ಷಣಕ್ಕೆ ಹಿಂದಿನಿಂದ ಅಂಗಿಯ ಚುಂಗನ್ನು ಹಿಡಿದು ಎಳೆದರು. ಜೋರಾಗಿ ಅಲ್ಲ. ರಸ್ತೆಗೆ ಓಡುವ ಮಗುವನ್ನು ಹಿಡಿದೆಳೆದಂತೆ.

“ಛಲೋ ಮಾಡಿದಿ ಮಾರಾಯ್ತಿ. ಇಲ್ಲಂದ್ರ ಹೊಕ್ಕಿದ್ದೆ ಒಳಗ,” ಅಂದೆ. ನನ್ನದೇ ದನಿ ನೀರಿನ ಮೇಲೆ ಹೋಗಿ ಬಂತು. “ಇಲ್ಲಿಲ್ಲ ಬಿಡು. ನಾ ಸೋತೆ. ಮಾತಾಡು ಈಗ.”

ತಿರುಗಿದೆ. ಮೆಟ್ಟಿಲುಗಳು ಮೇಲಿನ ಬೆಳಕಿನವರೆಗೆ ಖಾಲಿ ಇದ್ದವು.

ಹೆದರಿಕೆ ಆಗಲಿಲ್ಲ ಎಂದರೆ ಓದುವವರು ನಂಬಲಿಕ್ಕಿಲ್ಲ, ಆದರೆ ಆಗಲಿಲ್ಲ. ಮುಂಚೆ ಹತ್ತಿಹೋಗಿ ಕಂಟಿಯ ಮರೆಗೆ ನಿಂತಿದ್ದಾಳೆ, ನನ್ನನ್ನು ಆಡಿಸುತ್ತಿದ್ದಾಳೆ ಎಂದುಕೊಂಡೆ. ಮೇಲೆ ಬಂದೆ. ಕಂಟಿಯಲ್ಲಿ ಯಾರೂ ಇಲ್ಲ. ಜೋಳ ದಾಟಿ ಬದುವಿನ ಕಡೆ ನೋಡಿದಾಗ ಬೇವಿನ ಗಿಡದ ಕೆಳಗೆ ಅವಳ ಸೀರೆಯ ಬಣ್ಣ ಕಂಡಿತು. ಚಪ್ಪಲಿ ಪಕ್ಕಕ್ಕಿಟ್ಟು, ಕಾಲು ಚಾಚಿ ಕುಳಿತು, ಹಸಿ ಕಡಲೆ ಸುಲಿದು ತಿನ್ನುತ್ತಿದ್ದಳು. ಎದುರಿಗೆ ಸಿಪ್ಪೆಯ ಸಣ್ಣ ಗುಡ್ಡೆ.

“ಯಾಕ ಬಿಟ್ಟು ಬಂದಿ?” ಅಂದೆ.

ಅವಳು ಬಾಯಿ ತೆರೆಯದೆ ಇನ್ನೊಂದು ಕಡಲೆ ಸುಲಿಯಲು ಬಗ್ಗಿದಳು, ಅವಳ ಬೆನ್ನ ಹಿಂದೆ ಬೇವಿನ ಪೊಟರೆ ಕಂಡಿತು. ಡಬ್ಬಿ ಅಲ್ಲಿತ್ತು. ನಾನು “ಸಿಕ್ತು” ಎಂದಮೇಲೆ ಅವಳ ನಗು ಒಡೆಯಿತು. “ಅಯ್ಯ ನಿಮ್ಮ! ಡಬ್ಬಿ ಮುಂದ ದಾಟಿ ಹ್ವಾದ್ರಿ! ಯಂತ್ರ ಮಾರಿ ಮುಂದ ಹಿಡಕೊಂಡು ಎತ್ತಿನಂಗ! ನನಗ ನಗು ತಡಿಯಾಕ ಆಗಲಿಲ್ಲ, ಇಲ್ಲೇ ಕುಂತಬಿಟ್ಟೆ.”

“ನೀ ನನ್ನ ಹಿಂದ ಬರಲಿಲ್ಲ?”

“ನಾ ಎಲ್ಲಿ ಬರ್ಲಿ? ಹೊಳ್ಳಿ ಬಂದ ಬರ್ತೀರಂತ ಗೊತ್ತಿತ್ತಲ್ಲ.”

ಯಂತ್ರ ಯಾಕೆ ತಪ್ಪಿತು ಎಂಬುದು ಅದೇ ಸಂಜೆ ಗೊತ್ತಾಯಿತು. ಭೂಮಿಯನ್ನು ಅಳೆಯಲು ಎರಡು ಲೆಕ್ಕಗಳಿವೆ. ಉಪಗ್ರಹಗಳದು ಒಂದು, ನಮ್ಮ ಹಳೆಯ ಸರ್ವೇ ನಕಾಶೆಗಳದು ಇನ್ನೊಂದು. ಒಂದರಲ್ಲಿ ಬರೆದ ಅಂಕಿಯನ್ನು ಇನ್ನೊಂದರಲ್ಲಿ ಓದಿದರೆ ನಮ್ಮ ಭಾಗದಲ್ಲಿ ಜಾಗ ನೂರು ಮೀಟರಿನ ಆಸುಪಾಸು ಸರಿದುಬಿಡುತ್ತದೆ. ಅವಳು ಡಬ್ಬಿ ಇಟ್ಟು ಬಂದ ಮೇಲೆ ನಾನು ಕಾಲೇಜಿನ ಒಂದು ನಕಾಶೆಯೊಡನೆ ತಾಳೆ ನೋಡಲು ಯಂತ್ರವನ್ನು ಹಳೆಯ ಲೆಕ್ಕಕ್ಕೆ ತಿರುಗಿಸಿದ್ದೆ. ಮತ್ತೆ ಮೊದಲಿನಂತೆ ಮಾಡುವುದನ್ನು ಮರೆತಿದ್ದೆ. ಅಂದಮೇಲೆ ತಪ್ಪಿದ್ದು ಲೆಕ್ಕ. ಜೋಳದ ಸಪ್ಪಳ ಗಾಳಿಯದು. ಬರಿಗಾಲಿನ ಹೆಜ್ಜೆ ನನ್ನದೇ ಹೆಜ್ಜೆಯ ಮಾರ್ದನಿ. ಅಂಗಿ ಎಳೆದದ್ದು ಜಾಲಿಮುಳ್ಳು. ಇಷ್ಟು ಜೋಡಿಸಿ, ಸಮಾಧಾನವಾಗಿ ಮಲಗಿದೆ. ಅಂಗಿಯ ಹಿಂದಿನ ಹೊಲಿಗೆ ಬಿಟ್ಟಿತ್ತು. ಅದು ಮುಂಚಿನಿಂದಲೇ ಬಿಟ್ಟಿತ್ತು ಎಂದಳು ಅವಳು.

ಆಮೇಲೆ ಅದು ನನ್ನ ಕಥೆಯಾಯಿತು. ಸ್ಟಾಫ್ ರೂಮಿನಲ್ಲಿ ಹೇಳಿದೆ, ನೆಂಟರ ಮುಂದೆ ಹೇಳಿದೆ. ಮೂಢನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಉದಾಹರಣೆಯೆಂದು ತರಗತಿಯಲ್ಲೂ ಹೇಳಿದೆ. ಒಂದೆರಡು ವರ್ಷದ ಮೇಲೆ, ಮನೆಗೆ ಊಟಕ್ಕೆ ಬಂದವರ ಮುಂದೆ ಮೆಟ್ಟಿಲಿನ ಭಾಗಕ್ಕೆ ಬಂದಿದ್ದೆ. ಹೆಂಡತಿ ಸಾರಿನ ಸೌಟು ಹಿಡಿದು ನಿಂತವಳು ನಡುವೆ ಬಾಯಿ ಹಾಕಿದಳು.

“ಅಲ್ರಿ, ಬಾವಿ ಎಲ್ಲಿಂದ ಬಂತು?”

“ಎಲ್ಲಿಂದ ಅಂದ್ರ? ಅಲ್ಲೇ ಇತ್ತಲ್ಲ.”

“ಮೊದಲ ಸಲ ಹೇಳಿದಾಗ ಬರೇ ಜ್ವಾಳದ ಹೊಲ ಇತ್ತು. ಹೆಜ್ಜಿ ಸಪ್ಪಳ ಕೇಳ್ತು ಅಂದಿದ್ರಿ, ಅಷ್ಟ. ಅಂಗಿ ಎಳದದ್ದು ಆಮ್ಯಾಲ ಬಂತು. ಈಗ ನೋಡಿದ್ರ ಬಾವಿ! ನಾ ಹುಟ್ಟಿ ಬೆಳದ ಊರ್ರಿ ಅದು. ಆ ಕಡೆ ಯಾವ ಬಾವೀನೂ ಇಲ್ಲ.”

ಬಂದವರು ನಕ್ಕರು. “ಮಾಸ್ತರ ಮುಂದಿನ ಸಲ ಮೊಸಳಿ ಬರತೈತಿ ಬಿಡ್ರಿ,” ಎಂದರು ಒಬ್ಬರು. ನಾನೂ ನಕ್ಕೆ. ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದ ಕೈ ಮಾತ್ರ ನಿಂತಿತ್ತು. ನನಗೆ ಕಾಣುತ್ತಿದ್ದದ್ದು ನಮ್ಮ ಅಡುಗೆಮನೆ, ಅವ್ವ, ಆ ಸಂಜೆ ಅವಳು ದನಿ ತಗ್ಗಿಸಿದ ರೀತಿ. ನನ್ನ ಬಾವಿಯಲ್ಲೂ ಎಲ್ಲವೂ ಇತ್ತು. ಹಸಿರು ನೀರು, ಮಾಡದೊಳಗಿನ ಹಳೆಯ ಎಣ್ಣೆಯ ಜಿಡ್ಡು, ಅಲುಗಿದ ಕಲ್ಲು. ಲವಂಗ ಹೆಚ್ಚಾದ ಬುಂದಿಯಷ್ಟೇ ಪಕ್ಕಾ.

ಅವಳಿಗೂ ಅದೇ ಯೋಚನೆ ಬಂದಿತ್ತು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ರೊಟ್ಟಿ ತಟ್ಟುತ್ತ, ಬೇರೆ ಏನೋ ಮಾತಿನ ನಡುವೆ, “ನಿನ್ನೆ ಯಾವ ಪಲ್ಯ ಮಾಡಿದ್ದೆ, ನೆನಪೈತೇನ್ರಿ?” ಎನ್ನುವಳು. “ನಮ್ಮ ಅಣ್ಣನ ಮನ್ಯಾಗ ಕಡೀಕ ಯಾವಾಗ ಹೋಗಿದ್ವಿ?” ಎನ್ನುವಳು. ಉತ್ತರ ಸರಿಯಿದ್ದರೆ ಅವಳ ಭುಜ ಸಡಿಲಾಗುತ್ತಿತ್ತು. ಪರೀಕ್ಷೆ ಎಂದು ನನಗೆ ಗೊತ್ತು, ಗೊತ್ತೆಂದು ತೋರಿಸಲಿಲ್ಲ. ಬದನೆಕಾಯಿ ಎನ್ನುವ ಮೊದಲು ಒಳಗೊಳಗೇ ಎರಡು ಸಲ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಡಬ್ಬಿ ಆಟ ತಾನಾಗಿ ನಿಂತಿತು. ಒಂದು ಭಾನುವಾರ ನೆಗಡಿ, ಇನ್ನೊಂದು ಭಾನುವಾರ ಪೇಪರು ತಿದ್ದುವ ಕೆಲಸ. ನಿಜ ಹೇಳಬೇಕೆಂದರೆ, ಅವಳು ನನ್ನ ಹಿಂದೆ ನಡೆಯುವುದು ನನಗೆ ಬೇಡವಾಗಿತ್ತು. ಹೆಜ್ಜೆ ಕೇಳಿದರೆ ತಿರುಗಿ ನೋಡಬೇಕು ಅನಿಸುತ್ತಿತ್ತು. ವಿದ್ಯಾನಗರದ ಫುಟ್‌ಪಾತಿನಲ್ಲೂ.

ಹೀಗೆ ಇನ್ನೆರಡು ವರ್ಷ. ಹೋಗಿ ನೋಡಿದರೆ ಮುಗಿಯುತ್ತಿತ್ತು, ಅರ್ಧ ದಿನದ ಕೆಲಸ. ನಾನು ಹೋಗಲಿಲ್ಲ. ಬಾವಿ ಇಲ್ಲದಿದ್ದರೆ ವೈದ್ಯರ ಬಳಿ ಹೋಗಬೇಕು. ಅವರು ಅಪ್ಪನನ್ನು ಕೇಳಿದ ಪ್ರಶ್ನೆಗಳನ್ನೇ ನನ್ನನ್ನೂ ಕೇಳುತ್ತಾರೆ. ಕೊನೆಗೆ ಒಂದು ಮುಂಜಾನೆ ನಾನು ಚಹಾ ಸೋಸುತ್ತಿದ್ದಾಗ ಅವಳೇ ಅಂದಳು.

“ನಡೀರಿ, ನೋಡೇ ಬಿಡೂಣು. ಹಿಂಗ ಒಬ್ಬರ ಮಾರಿ ಒಬ್ಬರು ನೋಡಕೋತ ಎಷ್ಟ ದಿನ ಕುಂದ್ರೂದು?”

“ಇಲ್ಲಂದ್ರ?”

“ಇಲ್ಲಂದ್ರ ಇಲ್ಲ. ನಾ ಇದ್ದೇನಲ್ಲ.” ಅಷ್ಟು ಹೇಳಿ ಮುಖ ತಿರುಗಿಸಿ ಲೋಟ ತೊಳೆಯತೊಡಗಿದಳು. ಅದು ತೊಳೆದ ಲೋಟವೇ ಆಗಿತ್ತು.

ಚಿಗವ್ವ ಅಂಗಳದಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಕುಶಲ ಕೇಳಿ, ನೀರು ಕೊಟ್ಟು, ಮತ್ತೆ ಮೊರದ ಮುಂದೆ ಕುಳಿತಳು. ನನ್ನ ಹೆಂಡತಿ ಸುತ್ತುಬಳಸದೆ ಕೇಳಿದಳು.

“ಚಿಗವ್ವಾ, ಬೇವಿನ ಗಿಡದಿಂದ ಆಚೀಕ ಬಾವಿ ಇತ್ತೇನ?”

“ಯಾವ ಬಾವಿ?” ಬೆರಳು ನಿಲ್ಲಲಿಲ್ಲ. “ಇಲ್ಲ ಬಿಡ. ಆ ಕಡಿ ಎಲ್ಲೀದು ಬಾವಿ.”

ಹೆಂಡತಿ ನನ್ನ ಕಡೆ ನೋಡಲಿಲ್ಲ. ನಾನು ಅಂಗಳದ ಬಟ್ಟೆ ಒಣಹಾಕುವ ಹಗ್ಗವನ್ನು ನೋಡುತ್ತ ನಿಂತೆ. ಅದರ ಮೇಲಿದ್ದ ಒಂದು ಹಳದಿ ಟಾವೆಲ್ಲು ಈಗಲೂ ಕಣ್ಣಮುಂದಿದೆ. ಆಮೇಲೆ ಚಿಗವ್ವ ತಲೆ ಎತ್ತದೆಯೇ ಕೇಳಿದಳು.

“ಹೊಳ್ಳಿ ನೋಡಿದ್ರೇನ ಅಳಿಯಾರ?”

“ಏನ್ರಿ?”

“ಮೆಟ್ಲಾ ಇಳಿಯೂ ಮುಂದ. ಹಿಂದಕ ಹೊಳ್ಳಿ ನೋಡಿದ್ರೇನ?”

“ಇಲ್ಲ. ಕೆಳಗ ಹೋದಮ್ಯಾಲ ನೋಡಿದೆ.”

ಚಿಗವ್ವ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಎಸೆದಳು. “ಛಲೋ ಆತು,” ಅಂದಳು. ಎದ್ದು ಒಳಗೆ ಹೋಗುವಾಗ, ಚಹಾಕ್ಕೆ ಬೆಲ್ಲವೋ ಸಕ್ಕರೆಯೋ ಎಂದು ಕೇಳಿದಳು.

“ಚಿಗವ್ವಾ!” ಹೆಂಡತಿಯ ದನಿ ಏರಿತು. “ಇದ್ದದ್ದ ಖರೇನ ಹಂಗಾದ್ರ? ನನಗ್ಯಾಕ ಯಾರೂ ಹೇಳಲಿಲ್ಲ?”

“ಬೇವಿನ ಗಿಡಾ ದಾಟಬ್ಯಾಡ್ರಿ ಅಂತ ಹೇಳಿರಲಿಲ್ಲೇನ? ಹೆಣ್ಣ ಹುಡುಗ್ಯಾರಿಗೆ ಅಷ್ಟ ಹೇಳಿದ್ರ ಸಾಕು.”

“ಅದು ಬದುವಿನ ಜಗಳಕ್ಕ ಅಂತ ತಿಳಿದಿದ್ದೆ!”

ಅದಕ್ಕಿಂತ ಹೆಚ್ಚು ಚಿಗವ್ವನಿಂದ ಹೊರಡಲಿಲ್ಲ. ಬಾವಿಯಲ್ಲಿ ಯಾರಾದರೂ ಸತ್ತಿದ್ದರೇ ಎಂದು ನಾನೇ ಕೇಳಿದೆ. “ಯಾರೂ ಸತ್ತಿಲ್ಲಪ್ಪ,” ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದಳು. ನಾನು ಮೆಟ್ಟಿಲು ಇಳಿದ ಸಂಗತಿ ಅವಳಿಗೆ ಮುಂಚೆಯೇ ಹೇಗೆ ಗೊತ್ತು ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ನೀನು ಚಿಗವ್ವನಿಗೆ ನನ್ನ ಕಥೆ ಹೇಳಿದ್ದೆಯಾ ಎಂದು ಹೊಲದ ಹಾದಿಯಲ್ಲಿ ಹೆಂಡತಿಯನ್ನು ಕೇಳಿದೆ. ಹೇಳಿರಬಹುದು ಎಂದಳು. ಮೆಟ್ಟಿಲಿನ ಮಾತು ಹೇಳಿದ್ದೆಯಾ? ಸ್ವಲ್ಪ ದೂರ ನಡೆದು, “ನೆನಪಿಲ್ರಿ,” ಎಂದಳು. ಅಷ್ಟು ದಿನ ನನ್ನನ್ನು ಪರೀಕ್ಷಿಸಿದವಳ ಬಾಯಲ್ಲಿ ಆ ಮಾತು ಕೇಳಿ ಇಬ್ಬರಿಗೂ ಒಂದು ಥರವಾಯಿತು.

ಬೇವಿನ ಗಿಡದ ಆಚೆ ಈ ಸಲ ಜೋಳ ಇರಲಿಲ್ಲ. ಕಡಲೆ ಕಿತ್ತು ಬಯಲಾಗಿತ್ತು. ಹೊಲದ ಯಜಮಾನ ನೂರು ಮೀಟರು ಆಚೆ, ಪಡುವಣ ತುದಿಯ ಬದುವಿನ ಮೇಲೆ ಕಂಟಿ ಕಡಿಯುತ್ತಿದ್ದ. ನಾವು ಹತ್ತಿರ ಹೋದದ್ದು ಕಂಡು ಕೊಡಲಿ ಊರಿ ನಿಂತ.

“ಅಕ್ಕಾರ, ಯಾವಾಗ ಬಂದ್ರಿ? ಮಾಸ್ತರ, ಬರ್ರಿ.”

ನಾನು ಕೇಳಿದೆ.

“ಬಾವಿ? ಇತ್ರಿ. ಇಲ್ಲೇ, ನೀವು ನಿಂತೀರಲ್ಲ ಅದರ ಮುಂದ. ನೀರ ಸವಳ ಆಗಿತ್ತು, ಕುಡಿಯಾಕ ಬರತಿರಲಿಲ್ಲ, ಎಮ್ಮಿ ಒಂದು ಬೀಳೂದರಾಗಿತ್ತು. ಜೆಸಿಬಿ ತರಿಸಿ ಮುಚ್ಚಿದ್ವಿ. ಎರಡ ವರ್ಷ ಆತ್ರಿ.” ನಂತರ ಕುತೂಹಲದಿಂದ, “ಯಾಕ್ರಿ? ಯಾರರ ಏನರ ಅಂದ್ರೇನು?”

“ಏನಿಲ್ಲ,” ಎಂದಳು ನನ್ನ ಹೆಂಡತಿ. “ಇವರು ಒಮ್ಮೆ ನೋಡಿದ್ರು. ನಾ ಸುಳ್ಳ ಅಂದಿದ್ದೆ.” ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ನನ್ನ ತೋಳು ಹಿಡಿದು ಜಗ್ಗಿ, “ನಿಮಗೇನೂ ಆಗಿಲ್ಲ. ಏನೇನೂ ಆಗಿಲ್ಲ ನಿಮಗ,” ಎಂದು ಎರಡೆರಡು ಸಲ ಅಂದಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಪ್ಪನ ಮದುವೆಯೂಟದಂತಲ್ಲ ನನ್ನ ಬಾವಿ. ಅದು ಇರಲಿಲ್ಲವೆಂದು ಯಾರೂ ಹೇಳಲಾರರು. ಆ ಸಂತೋಷ ಎಷ್ಟು ಹೊತ್ತು ಇತ್ತೋ ಹೇಳಲಾರೆ. ಬಾವಿ ನಿಜವಾದರೆ ಅದರೊಳಗೆ ನಾನು ಕೇಳಿದ್ದನ್ನು ಇನ್ನು ಯಾವ ಖಾತೆಗೆ ಹಾಕಬೇಕು ಎಂಬುದು ಅಲ್ಲಿ ನಿಂತಾಗಲೇ ಹೊಳೆಯಿತು. ಅವಳಿಗೆ ಹೇಳಲಿಲ್ಲ. ಮಾರ್ದನಿ, ಗಾಳಿ, ಜಾಲಿಮುಳ್ಳು ಎಂಬ ನನ್ನ ವಿವರಣೆ ಈಗಲೂ ತಪ್ಪೆಂದು ನಾನು ಒಪ್ಪುವುದಿಲ್ಲ. ನನ್ನ ಮೊದಲ ಕಥೆಯಲ್ಲಿ ಬಾವಿ ಯಾಕೆ ಇರಲಿಲ್ಲ ಎಂದು ಅವಳು ಕೇಳುವ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಮುಚ್ಚಿದ ಜಾಗದ ಮೂಡಣ ಅಂಚಿನಲ್ಲಿ ಮಣ್ಣು ಕುಸಿದು ಮೇಲಿನ ಎರಡು ಮೆಟ್ಟಿಲು ಕಾಣುತ್ತಿದ್ದವು. ಅವುಗಳ ಎರಡೂ ಬದಿಯ ಗೋಡೆಯ ಕಲ್ಲು ಇನ್ನೂ ಗಟ್ಟಿಯಿತ್ತು, ಜಾಲಿಮುಳ್ಳು ಬೇರುಬಿಡಲು ಒಂದು ಸಂದೂ ಇರಲಿಲ್ಲ. ಕಾಲಿನಿಂದ ಮಣ್ಣು ಸರಿಸಿದೆ. ಇಬ್ಬರೂ ಅಕ್ಕಪಕ್ಕ ನಿಲ್ಲಲು ನೋಡಿದೆವು, ಜಾಗ ಸಾಲಲಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ ನಿಲ್ಲಬೇಕಾಯಿತು. ಅವಳು ಹಿಂದೆ ನಿಂತಳು. ನಾನು ಕೈಯಿಂದ ಅಳೆದೆ. ಆ ಮೆಟ್ಟಿಲು ನನ್ನ ಮೂರು ಗೇಣಿಗಿಂತ ಅಗಲವಿಲ್ಲ. ಇಷ್ಟನ್ನು ನಾನೇ ನೋಡಿ, ಮುಟ್ಟಿ ಖಾತ್ರಿ ಮಾಡಿಕೊಂಡಿದ್ದೇನೆ. ಬಾವಿ ಇತ್ತು.